ಇನ್ನೂ ಹುಟ್ಟದ ಚಿಪ್‌ನ ವೇಗ

ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನು ಹೊರಗಿನವರು ಗುರುತಿಸುವುದು ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಿಂದ. ಅದೇ ತಾಲ್ಲೂಕಿನಲ್ಲಿ ಈಗ ಫಾಕ್ಸ್‌ಕಾನ್ ಕಂಪನಿಯ ಘಟಕ ಐಫೋನ್‌ಗಳನ್ನು ಜೋಡಿಸುತ್ತಿದೆ. ಎಷ್ಟು ಎಕರೆ ಜಮೀನು, ಎಷ್ಟು ಜನರಿಗೆ ಕೆಲಸ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಫೋನಿನೊಳಗಿನ ಪ್ರೊಸೆಸರ್‌ಗೆ ಸಂಬಂಧಿಸಿದ ಇನ್ನೊಂದು ಲೆಕ್ಕ ಮಾತ್ರ ಎಲ್ಲಿಯೂ ಸುದ್ದಿಯಾಗುವುದಿಲ್ಲ. ಯಾವುದೇ ಪ್ರೊಸೆಸರ್ ಕಾರ್ಖಾನೆಯಲ್ಲಿ ಸಿಲಿಕಾನ್ ರೂಪ ಪಡೆಯುವ ಎಷ್ಟೋ ಮೊದಲೇ ಸಾಫ್ಟ್‌ವೇರಿನ ರೂಪದಲ್ಲಿ ಓಡಿರುತ್ತದೆ. ಒಳಗಿನ ಕ್ಯಾಶ್ ಎಂಬ ಪುಟ್ಟ, ವೇಗದ ಮೆಮೊರಿ ಎಷ್ಟು ದೊಡ್ಡದಿರಬೇಕು, ಒಂದೇ ಸಲಕ್ಕೆ ಎಷ್ಟು ಸೂಚನೆಗಳನ್ನು ನಿರ್ವಹಿಸಬೇಕು, ಮೆಮೊರಿಯಿಂದ ಮುಂಗಡವಾಗಿ ಏನನ್ನು ತರಿಸಿಕೊಳ್ಳಬೇಕು ಎಂಬಂಥ ತೀರ್ಮಾನಗಳಿಗೆ ಆಧಾರ ಹಾಗೆ ಓಡಿಸುವ ಸಿಮ್ಯುಲೇಟರ್ ಕೊಡುವ ಅಂಕಿಗಳೇ. ಬೆಂಗಳೂರಿನ ಇಂಟೆಲ್, ಎಎಂಡಿ, ಆರ್ಮ್, ಕ್ವಾಲ್ಕಾಮ್ ಕಚೇರಿಗಳಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳಲ್ಲೂ ಇದು ದಿನನಿತ್ಯದ ಕೆಲಸ. ‘ಹೊಸ ವಿನ್ಯಾಸ ಹಳೆಯದಕ್ಕಿಂತ ಶೇ 5ರಷ್ಟು ವೇಗ’ ಎಂಬ ಒಂದು ಸಾಲಿನ ಮೇಲೆ ಕೋಟ್ಯಂತರ ರೂಪಾಯಿಯ ನಿರ್ಧಾರ ನಿಲ್ಲುತ್ತದೆ. ಆ 5ನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದರು, ಎಷ್ಟು ಸಲ ಅಳೆದರು, ಪ್ರತಿ ಸಲವೂ ಅದು ಎಷ್ಟು ಕದಲಿತು ಎಂಬುದನ್ನು ಹೇಳದಿದ್ದರೆ ಅದನ್ನು ಅಳತೆ ಎಂದು ಕರೆಯಲಾಗದು ಎಂಬುದು ಈ ಲೇಖನದ ವಾದ.

ಮೊದಲು ಸಿಮ್ಯುಲೇಟರ್‌ನ ಪರಿಚಯ. ಪ್ರೊಸೆಸರ್, ಕ್ಯಾಶ್, ಮುಖ್ಯ ಮೆಮೊರಿ, ಡಿಸ್ಕ್, ಗಡಿಯಾರ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿ, ಅದರ ಮೇಲೆ ನಿಜವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿ, ಅದರೊಳಗೆ ನಿಜವಾದ ಪ್ರೋಗ್ರಾಂ ಓಡಿಸುವುದು ಪೂರ್ಣ ವ್ಯವಸ್ಥೆಯ ಸಿಮ್ಯುಲೇಷನ್. ಒಳಗೆ ಓಡುತ್ತಿರುವ ಲಿನಕ್ಸ್‌ಗೆ ತಾನು ನಿಜವಾದ ಯಂತ್ರದ ಮೇಲಿಲ್ಲ ಎಂಬುದು ಗೊತ್ತಾಗುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಇಂದು ಬಹಳವಾಗಿ ಬಳಕೆಯಲ್ಲಿರುವ ಇಂಥ ಸಿಮ್ಯುಲೇಟರ್ ಜೆಮ್‌5. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಾಧನಗಳು ಒಂದಾಗಿ ಇದು ಹುಟ್ಟಿತು. 2011ರಲ್ಲಿ ಅದನ್ನು ಪರಿಚಯಿಸಿದ ಪ್ರಬಂಧಕ್ಕೆ 16 ಮಂದಿ ಲೇಖಕರು. ಅವರಲ್ಲೊಬ್ಬರು ಆಗ ವಿಸ್ಕಾನ್ಸಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅರ್ಕಪ್ರವ ಬಸು. ಅವರು ನಂತರ ಎಎಂಡಿಯ ಸಂಶೋಧನಾ ವಿಭಾಗದಲ್ಲಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಭಾಗದ ಪ್ರಾಧ್ಯಾಪಕರಾದರು. ಹಾಗಾಗಿ ಈ ಸಾಧನದ ಕಥೆಯ ಒಂದು ಎಳೆ ನಮ್ಮ ಮಲ್ಲೇಶ್ವರದ ಪಕ್ಕದಲ್ಲೇ ಇದೆ.

ಸಿಮ್ಯುಲೇಟರ್ ಒಂದು ಓಟ ಮುಗಿಸಿದಾಗ ಒಂದು ದೊಡ್ಡ ಪಠ್ಯ ಕಡತ ಬರೆದಿಡುತ್ತದೆ. ಎಷ್ಟು ಸೂಚನೆಗಳು ನಡೆದವು, ಪ್ರೊಸೆಸರ್ ಗಡಿಯಾರದ ಎಷ್ಟು ಆವರ್ತ ಹಿಡಿಯಿತು, ಕ್ಯಾಶ್‌ನಲ್ಲಿ ಎಷ್ಟು ಸಲ ಬೇಕಾದದ್ದು ಸಿಗಲಿಲ್ಲ, ಕವಲುಗಳ ಊಹೆ ಎಷ್ಟು ಸಲ ತಪ್ಪಿತು ಎಂಬಂತೆ ಸಾವಿರಾರು ಸಾಲು. ನೋಡಿದ ತಕ್ಷಣ ಇದಕ್ಕಿಂತ ವಿವರವಾದ ಸಾಕ್ಷ್ಯ ಬೇಕೇ ಎನ್ನಿಸುತ್ತದೆ. ತೊಡಕು ಇರುವುದು ಇಲ್ಲಿಯೇ. ಏನನ್ನೂ ಹೇಳದೆ ಬಿಟ್ಟರೆ ಸಿಮ್ಯುಲೇಟರ್ ತಾನು ಆರಂಭವಾದ ಗಳಿಗೆಯಿಂದ ಎಣಿಸುತ್ತದೆ. ಲಿನಕ್ಸ್ ಬೂಟ್ ಆದದ್ದು, ಸೇವೆಗಳು ಎದ್ದದ್ದು, ಸ್ಕ್ರಿಪ್ಟ್ ಓದಿದ್ದು, ವೇಗ ಅಳೆಯಲು ಓಡಿಸುವ ಬೆಂಚ್‌ಮಾರ್ಕ್ ಪ್ರೋಗ್ರಾಂ ತನ್ನ ಇನ್‌ಪುಟ್ ಕಡತವನ್ನು ಡಿಸ್ಕ್‌ನಿಂದ ತಂದದ್ದು, ಕೊನೆಗೆ ಫಲಿತಾಂಶ ಮುದ್ರಿಸಿ ಯಂತ್ರ ಮುಚ್ಚಿದ್ದು ಎಲ್ಲವೂ ಒಂದೇ ಮೊತ್ತದಲ್ಲಿ ಸೇರುತ್ತವೆ. ಬೂಟ್ ಆಗಲು ಕೋಟಿಗಟ್ಟಲೆ ಸೂಚನೆಗಳು ಬೇಕು. ಚಿಕ್ಕ ಬೆಂಚ್‌ಮಾರ್ಕ್ ಆದರೆ ಅದರ ಸ್ವಂತ ಕೆಲಸ ಆ ರಾಶಿಯಲ್ಲಿ ಕಾಣದೇ ಹೋಗಬಹುದು. ಆಗ ಎರಡು ವಿನ್ಯಾಸಗಳ ಹೋಲಿಕೆ ಎಂದು ಪ್ರಕಟವಾಗುವುದು ವಾಸ್ತವದಲ್ಲಿ ಎರಡು ಯಂತ್ರಗಳಲ್ಲಿ ಲಿನಕ್ಸ್ ಎದ್ದೇಳುವ ವೇಗದ ಹೋಲಿಕೆ. ಇದಕ್ಕೆ ಉಪಾಯವನ್ನು ಸಾಧನ ಮಾಡಿದವರೇ ಕೊಟ್ಟಿದ್ದಾರೆ. ಪ್ರೋಗ್ರಾಂನ ಮುಖ್ಯ ಭಾಗ ಆರಂಭವಾಗುವ ಜಾಗದಲ್ಲಿ ಎಣಿಕೆಗಳನ್ನೆಲ್ಲ ಸೊನ್ನೆಗೆ ತರುವ ‘ರೀಸೆಟ್’ ಆದೇಶ, ಅದು ಮುಗಿಯುವ ಜಾಗದಲ್ಲಿ ಎಣಿಕೆಗಳನ್ನು ಬರೆದಿಡುವ ‘ಡಂಪ್’ ಆದೇಶ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂದ ಪಾರ್ಸೆಕ್ ಬೆಂಚ್‌ಮಾರ್ಕ್ ಗುಚ್ಛದಲ್ಲಿ ಆ ಮುಖ್ಯ ಭಾಗದ ಆದಿ ಅಂತ್ಯಗಳನ್ನು ಪ್ರೋಗ್ರಾಂಗಳಲ್ಲೇ ಗುರುತು ಮಾಡಿಟ್ಟಿದ್ದಾರೆ. ಆದರೂ ಎಚ್ಚರ ಬೇಕು. ಡಂಪ್ ಎರಡು ಸಲ ಆದರೆ ಕಡತದಲ್ಲಿ ಎರಡು ಖಂಡಗಳಿರುತ್ತವೆ. ಅಂಕಿ ಹೆಕ್ಕುವ ಸ್ಕ್ರಿಪ್ಟ್ ಬೇಡವಾದ ಖಂಡವನ್ನು ಓದಿದರೂ ಯಾರೂ ತಡೆಯುವುದಿಲ್ಲ. ಅದೇ ಕಡತದಲ್ಲಿ ಸಿಮ್ಯುಲೇಟ್ ಆದ ಸಮಯವೂ ಇರುತ್ತದೆ, ಸಿಮ್ಯುಲೇಟರ್ ಓಡಿದ ನಿಜವಾದ ಕಂಪ್ಯೂಟರಿನ ಸಮಯವೂ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ತೆಗೆದುಕೊಂಡರೆ ಬರುವ ಅಂಕಿ ನೋಡಲು ಎಲ್ಲ ಅಂಕಿಗಳಂತೆಯೇ ಇರುತ್ತದೆ. ತಪ್ಪು ಅಳತೆಗೆ ತನ್ನದೇ ಮುಖಲಕ್ಷಣ ಇಲ್ಲ ಎಂಬುದೇ ಈ ಕೆಲಸದ ನಿಜವಾದ ಅಪಾಯ.

ಆರಂಭದ ಗೆರೆ ಸರಿಯಾಗಿ ಎಳೆದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಆ ಗಳಿಗೆಯಲ್ಲಿ ಯಂತ್ರ ಯಾವ ಸ್ಥಿತಿಯಲ್ಲಿತ್ತು? ಬೂಟ್ ಆಗುವವರೆಗೂ ವಿವರವಾದ ಮಾದರಿಯನ್ನು ಓಡಿಸಿದರೆ ಹೊತ್ತು ಸಾಲದು. ಆದ್ದರಿಂದ ಅಲ್ಲಿಯವರೆಗೆ ಸರಳ, ವೇಗದ ಮಾದರಿಯಲ್ಲಿ ಓಡಿಸಿ, ಯಂತ್ರದ ಸ್ಥಿತಿಯನ್ನು ಚೆಕ್‌ಪಾಯಿಂಟ್ ಆಗಿ ಉಳಿಸಿಟ್ಟು, ಅಲ್ಲಿಂದ ಮುಂದಕ್ಕೆ ವಿವರವಾದ ಮಾದರಿಗೆ ಬದಲಾಯಿಸುವುದು ರೂಢಿ. ಹೀಗೆ ಮರಳಿ ಎಬ್ಬಿಸಿದಾಗ ಮೆಮೊರಿಯಲ್ಲಿದ್ದದ್ದು ಹಾಗೇ ಬರುತ್ತದೆ, ಆದರೆ ಸಾಮಾನ್ಯವಾಗಿ ಕ್ಯಾಶ್‌ಗಳು ಖಾಲಿ ಇರುತ್ತವೆ. ಒಂದು ಲೆಕ್ಕ ಹಾಕೋಣ. 8 ಮೆಗಾಬೈಟ್‌ನ ಕ್ಯಾಶ್‌ನಲ್ಲಿ 64 ಬೈಟ್‌ನ ಸಾಲುಗಳು 1,31,072. ಪ್ರತಿ 100 ಸೂಚನೆಗೆ ಒಂದು ಹೊಸ ಸಾಲು ಬಂದು ಕೂರುತ್ತದೆ ಎಂದುಕೊಂಡರೂ ಅದು ತುಂಬಲು 1 ಕೋಟಿ 31 ಲಕ್ಷ ಸೂಚನೆಗಳು ಬೇಕು. 1 ಕೋಟಿ ಸೂಚನೆಗಳನ್ನು ಅಳೆದು ‘ದೊಡ್ಡ ಕ್ಯಾಶ್‌ನಿಂದ ಲಾಭವಿಲ್ಲ’ ಎಂದು ಬರೆದವರು ಆ ಕ್ಯಾಶ್ ತುಂಬುವ ಮೊದಲೇ ಅದರ ಮೇಲೆ ತೀರ್ಪು ಕೊಟ್ಟಂತಾಯಿತು. ಅಳತೆಗೆ ಮುಂಚೆ ಯಂತ್ರವನ್ನು ಬಿಸಿ ಮಾಡಬೇಕು. ಎಷ್ಟು ಬಿಸಿ ಮಾಡಿದೆವು ಎಂಬುದನ್ನು ವರದಿಯಲ್ಲಿ ಬರೆಯಬೇಕು.

ಇಷ್ಟೆಲ್ಲ ರಗಳೆ ಆಪರೇಟಿಂಗ್ ಸಿಸ್ಟಂನಿಂದ ತಾನೇ, ಅದನ್ನೇ ಬಿಟ್ಟು ಬೆಂಚ್‌ಮಾರ್ಕ್ ಪ್ರೋಗ್ರಾಂ ಒಂದನ್ನೇ ಓಡಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಜೆಮ್‌5ನಲ್ಲಿ ಅದಕ್ಕೂ ದಾರಿಯಿದೆ. ಸಣ್ಣ, ಲೆಕ್ಕಾಚಾರವೇ ಪ್ರಧಾನವಾದ ಪ್ರೋಗ್ರಾಂಗಳಿಗೆ ಅದು ಸಾಕು ಎಂಬುದನ್ನು ಒಪ್ಪುತ್ತೇನೆ. ಆದರೆ ಇಂದಿನ ಭಾರದ ಕೆಲಸಗಳು ಡೇಟಾಬೇಸ್, ವೆಬ್ ಸೇವೆ, ದೊಡ್ಡ ಜಾಲಗಳ ವಿಶ್ಲೇಷಣೆ. ಅಲ್ಲಿ ಸಮಯ ಎಲ್ಲಿ ಸೋರುತ್ತದೆ ಎಂಬುದಕ್ಕೆ ಬಸು ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಪ್ರೋಗ್ರಾಂ ಬಳಸುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಾಯಿಸುವ ಟಿಎಲ್‌ಬಿ ಎಂಬ ಪುಟ್ಟ ಕೋಷ್ಟಕವಿದೆ. ಬೇಕಾದ ನಮೂದು ಅಲ್ಲಿ ಸಿಗದಿದ್ದರೆ ಪುಟಪಟ್ಟಿಗಳಲ್ಲಿ ಹುಡುಕಬೇಕು. ಮೆಮೊರಿಯನ್ನು ದೊಡ್ಡ ಪುಟಗಳಾಗಿ ಹಂಚಿದಾಗಲೂ ಕೆಲವು ಸರ್ವರ್ ಕೆಲಸಗಳು ಇದೊಂದಕ್ಕೇ ಶೇ 10ರಷ್ಟು ಆವರ್ತಗಳನ್ನು ಕಳೆದುಕೊಳ್ಳುತ್ತಿದ್ದವು. ಆ ಪುಟಪಟ್ಟಿಗಳನ್ನು ಕಟ್ಟುವುದು ಆಪರೇಟಿಂಗ್ ಸಿಸ್ಟಂ. ಅದನ್ನು ಹೊರಗಿಟ್ಟರೆ ಈ ನಷ್ಟದ ನಿಜರೂಪ ಕಾಣುವುದೇ ಇಲ್ಲ. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆ ತಂಡ ತನ್ನ ಅಳತೆಗಳನ್ನು ನಿಜವಾದ ಯಂತ್ರದ ಮೇಲೆ ಮಾಡಿತು, ಏಕೆಂದರೆ ಅಷ್ಟು ದೊಡ್ಡ ಕೆಲಸವನ್ನು ಸಿಮ್ಯುಲೇಟರ್‌ನಲ್ಲಿ ಮುಗಿಸುವುದು ಕಷ್ಟ. ಜೆಮ್‌5 ಕಟ್ಟಿದವರಲ್ಲೊಬ್ಬರೇ ಪ್ರಶ್ನೆಗೆ ತಕ್ಕ ಸಾಧನ ಆರಿಸಿಕೊಳ್ಳಲು ಜೆಮ್‌5ನ ಹೊರಗೆ ಹೋದರು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ಆಪರೇಟಿಂಗ್ ಸಿಸ್ಟಂ ಒಳಗಿದೆ ಎಂದ ಮಾತ್ರಕ್ಕೆ ಅದು ಅಳತೆಯಲ್ಲಿ ಬಂತು ಎಂದೂ ತಿಳಿಯಬಾರದು. ಲಿನಕ್ಸ್‌ನ ಗಡಿಯಾರ ಸೆಕೆಂಡಿಗೆ 250 ಸಲ ಮಿಡಿಯುವಂತೆ ಹೊಂದಿಸಿದ್ದರೆ ಎರಡು ಮಿಡಿತಗಳ ನಡುವೆ 4 ಮಿಲಿಸೆಕೆಂಡ್. 2 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 80 ಲಕ್ಷ ಆವರ್ತ. ಅದಕ್ಕಿಂತ ಚಿಕ್ಕ ತುಣುಕನ್ನು ಅಳೆದರೆ ಒಂದು ಮಿಡಿತವಾದರೂ ಒಳಗೆ ಬೀಳುತ್ತದೆಂಬ ಖಾತರಿಯಿಲ್ಲ. ಬಿದ್ದ ಓಟಕ್ಕೂ ಬೀಳದ ಓಟಕ್ಕೂ ನಡುವಿನ ವ್ಯತ್ಯಾಸವನ್ನು ವಿನ್ಯಾಸದ ಗುಣವೆಂದು ಓದುವ ಅಪಾಯವೂ ಉಂಟು.

ಈಗ ನಾನು ಅತ್ಯಂತ ಗಂಭೀರವೆಂದು ತಿಳಿದಿರುವ ಆಕ್ಷೇಪಕ್ಕೆ ಬರುತ್ತೇನೆ. ಸಿಮ್ಯುಲೇಟರ್ ಒಂದು ಪ್ರೋಗ್ರಾಂ. ಅದೇ ಆರಂಭ ಸ್ಥಿತಿಯಿಂದ ಓಡಿಸಿದರೆ ಕೊನೆಯ ಅಂಕೆಯವರೆಗೂ ಅದೇ ಉತ್ತರ ಕೊಡುತ್ತದೆ. ಹತ್ತು ಸಲ ಓಡಿಸಿದರೂ ಬದಲಾಗದ ಉತ್ತರವನ್ನು ಹತ್ತು ಸಲ ಯಾಕೆ ಕೇಳಬೇಕು? ಕೇಳಲು ಸರಿಯೆನಿಸುವ ಈ ವಾದಕ್ಕೆ ವಿಸ್ಕಾನ್ಸಿನ್‌ನ ಅಲಾ ಅಲಮೆಲ್ದೀನ್ ಮತ್ತು ಡೇವಿಡ್ ವುಡ್ 2003ರಲ್ಲಿ ಉತ್ತರ ಕೊಟ್ಟರು. ಏಕಕಾಲಕ್ಕೆ ಸಾಗುವ ಹಲವು ಎಳೆಗಳಲ್ಲಿ (ಥ್ರೆಡ್) ನಡೆಯುವ ವಾಣಿಜ್ಯ ಕೆಲಸಗಳನ್ನು ತೆಗೆದುಕೊಂಡು, ಮೆಮೊರಿ ಉತ್ತರಿಸುವ ಸಮಯದಲ್ಲಿ ತೀರ ಸಣ್ಣ ಯಾದೃಚ್ಛಿಕ ಏರುಪೇರನ್ನು ಸೇರಿಸಿ ಮತ್ತೆ ಮತ್ತೆ ಓಡಿಸಿದರು. ಆ ಏರುಪೇರು ನಿಜವಾದ ಯಾವ ಯಂತ್ರದಲ್ಲೂ ಇರುವಂಥದ್ದೇ. ಅಷ್ಟರಿಂದಲೇ ಹಂಚಿಕೊಂಡ ದತ್ತಾಂಶದ ಬೀಗ ಒಂದು ಎಳೆಗೆ ಮೊದಲು ಸಿಕ್ಕಿತು, ಇನ್ನೊಂದು ಕಾದಿತು; ಆಪರೇಟಿಂಗ್ ಸಿಸ್ಟಂ ಬೇರೆ ಎಳೆಯನ್ನು ಮುಂದೆ ಬಿಟ್ಟಿತು; ಅಲ್ಲಿಂದ ಮುಂದಕ್ಕೆ ಇಡೀ ಓಟವೇ ಬೇರೆ ದಾರಿ ಹಿಡಿಯಿತು. ಅವರ ಒಂದು ಪ್ರಯೋಗದಲ್ಲಿ ಒಂದೊಂದೇ ಓಟವನ್ನು ನಂಬಿ ಎರಡು ವಿನ್ಯಾಸಗಳನ್ನು ಹೋಲಿಸಿದರೆ ಶೇ 31ರಷ್ಟು ಸಲ ತಪ್ಪು ತೀರ್ಮಾನ ಬರುತ್ತಿತ್ತು. ಎಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಸೋತದ್ದನ್ನು ಗೆದ್ದಿತು ಎಂದು ಬರೆದಂತೆ. ಸಿಮ್ಯುಲೇಟರ್ ಅದೇ ಉತ್ತರವನ್ನು ಪುನರಾವರ್ತಿಸುತ್ತದೆ ಎಂಬುದು ದೋಷ ಹುಡುಕುವವರಿಗೆ ವರ. ಅಳೆಯುವವರಿಗೆ ಅದು ಸುಳ್ಳು ಧೈರ್ಯ ಕೊಡುತ್ತದೆ, ಏಕೆಂದರೆ ಸಾಧ್ಯವಿರುವ ನೂರಾರು ಓಟಗಳಲ್ಲಿ ಒಂದನ್ನೇ ಅದು ಪ್ರತಿ ಸಲ ತೋರಿಸುತ್ತಿರುತ್ತದೆ.

ಒಂದೇ ಎಳೆಯ ಸರಳ ಪ್ರೋಗ್ರಾಂಗಳಾದರೂ ಇದರಿಂದ ಪಾರಾಗಿವೆಯೇ ಎಂದರೆ ಇಲ್ಲ. ಮಿಟ್ಕೊವಿಚ್, ದಿವಾನ್, ಹೌಸ್‌ವಿರ್ತ್, ಸ್ವೀನಿ ಎಂಬ ನಾಲ್ವರು 2009ರಲ್ಲಿ ತೋರಿಸಿದ್ದು ಇನ್ನೂ ದಿಗಿಲು ಹುಟ್ಟಿಸುವಂಥದು. ಪ್ರೋಗ್ರಾಂನ ಹೊರಗಿನ ಪರಿಸರ ವೇರಿಯಬಲ್‌ಗಳ ಉದ್ದ ಬದಲಾದರೆ, ಕಡತಗಳನ್ನು ಲಿಂಕ್ ಮಾಡಿದ ಕ್ರಮ ಬದಲಾದರೆ ಮೆಮೊರಿಯಲ್ಲಿ ವಸ್ತುಗಳು ಕೂರುವ ಜಾಗ ಸರಿಯುತ್ತದೆ. ಅಷ್ಟರಿಂದಲೇ ಒಂದು ಆಪ್ಟಿಮೈಸೇಷನ್ ಲಾಭವೋ ನಷ್ಟವೋ ಎಂಬ ತೀರ್ಮಾನ ತಿರುಗಿಬೀಳಬಹುದು. ಅವರು ಪರೀಕ್ಷಿಸಿದ ಯಂತ್ರಗಳಲ್ಲಿ ಪೆಂಟಿಯಂ 4 ಮತ್ತು ಕೋರ್ 2 ಜೊತೆಗೆ ಎಂ5 ಸಿಮ್ಯುಲೇಟರ್‌ನ ವಿವರವಾದ ಪ್ರೊಸೆಸರ್ ಮಾದರಿಯೂ ಇತ್ತು, ಅದೂ ಇದಕ್ಕೆ ಹೊರತಾಗಲಿಲ್ಲ. ಆ ಕ್ಷೇತ್ರದ ಪ್ರಮುಖ ಸಮ್ಮೇಳನಗಳ 133 ಪ್ರಬಂಧಗಳನ್ನು ಅವರು ಜಾಲಾಡಿದರು. ಪ್ರಾಯೋಗಿಕ ಫಲಿತಾಂಶವಿದ್ದ ಯಾವುದೊಂದೂ ಅಳತೆಯಲ್ಲಿ ನುಸುಳುವ ಈ ಪಕ್ಷಪಾತವನ್ನು ಸಾಕಷ್ಟು ಗಣನೆಗೆ ತೆಗೆದುಕೊಂಡಿರಲಿಲ್ಲ.

ಹೊತ್ತಿನ ಮಾತು ಬಂದೇ ಬರುತ್ತದೆ. ವಿವರವಾದ ಮಾದರಿ ಸೆಕೆಂಡಿಗೆ ಸುಮಾರು 1 ಲಕ್ಷ ಸೂಚನೆ ನಡೆಸುತ್ತದೆ ಎಂದುಕೊಳ್ಳಿ. ನಿಜವಾದ ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ ಮಾಡುವ 300 ಕೋಟಿ ಸೂಚನೆಗಳಿಗೆ ಇಲ್ಲಿ ಎಂಟು ಗಂಟೆಗೂ ಹೆಚ್ಚು ಬೇಕು. 2017ರ ಸ್ಪೆಕ್ ಬೆಂಚ್‌ಮಾರ್ಕ್‌ಗಳಲ್ಲಿ ಲಕ್ಷ ಕೋಟಿಗೂ ಮೀರಿದ ಸೂಚನೆಗಳ ಪ್ರೋಗ್ರಾಂಗಳಿವೆ. ಲಕ್ಷ ಕೋಟಿಗೇ 115 ದಿನ ದಾಟುತ್ತದೆ. ಒಂದು ಸಲ ಓಡಿಸುವುದೇ ದುಸ್ತರವಾಗಿರುವಾಗ ಹತ್ತು ಸಲ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಇದಕ್ಕೆ ಉತ್ತರ ಉದ್ದನೆಯ ಒಂದು ಓಟಕ್ಕಿಂತ ಚದುರಿದ ಅನೇಕ ಚಿಕ್ಕ ಓಟಗಳಲ್ಲಿದೆ. ವಿಜಯಪುರದ ಮಾರುಕಟ್ಟೆಯಲ್ಲಿ ಗೂಡಿನ ಲಾಟ್‌ಗೆ ದರ ಹಾಕುವ ಮುನ್ನ, ರೇಷ್ಮೆ ನೂಲು ತೆಗೆಯುವ ಅನುಭವಿ ರೀಲರ್ ಮೇಲ್ಪದರದ ಗೂಡನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ನಾಲ್ಕಾರು ಕಡೆ ಕೈಹಾಕಿ ಆಳದಿಂದಲೂ ಒಂದೊಂದು ಹಿಡಿ ತೆಗೆದು ನೋಡುತ್ತಾನೆ. ಪ್ರೋಗ್ರಾಂನ ಮೊದಲ ಹತ್ತು ಕೋಟಿ ಸೂಚನೆಗಳನ್ನು ಮಾತ್ರ ಅಳೆದು ಇಡೀ ಪ್ರೋಗ್ರಾಂನ ಬಗ್ಗೆ ಮಾತಾಡುವುದು ಮೇಲ್ಪದರ ನೋಡಿ ಕೊಂಡಂತೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ಸ್ಮಾರ್ಟ್ಸ್ ಎಂಬ ವಿಧಾನದಿಂದ ಪ್ರೋಗ್ರಾಂನ ಉದ್ದಕ್ಕೂ ಸಮಾನ ಅಂತರದಲ್ಲಿ ಪುಟ್ಟ ಪುಟ್ಟ ತುಣುಕುಗಳನ್ನು ತೆಗೆದು, ನಡುವಿನ ಭಾಗದಲ್ಲಿ ಕ್ಯಾಶ್‌ಗಳನ್ನು ಬಿಸಿಯಾಗಿಟ್ಟುಕೊಂಡು ಸಾಗಿತು. ಒಂದು ಬೆಂಚ್‌ಮಾರ್ಕ್‌ಗೆ 5 ಕೋಟಿಗಿಂತ ಕಡಿಮೆ ಸೂಚನೆಗಳನ್ನು ವಿವರವಾಗಿ ನಡೆಸಿದರೂ, ಒಂದು ಸೂಚನೆಗೆ ಎಷ್ಟು ಆವರ್ತ ಎಂಬ ಅಂದಾಜಿನಲ್ಲಿ ಸರಾಸರಿ ದೋಷ ಶೇ 0.64 ಮಾತ್ರ. ಅದಕ್ಕೆ ಒಂದು ವರ್ಷ ಮೊದಲು ಸ್ಯಾನ್ ಡಿಯಾಗೊದಿಂದ ಬಂದ ಸಿಮ್‌ಪಾಯಿಂಟ್ ಇನ್ನೊಂದು ದಾರಿ: ಪ್ರೋಗ್ರಾಂನಲ್ಲಿ ಒಂದೇ ಬಗೆಯಾಗಿ ನಡೆದುಕೊಳ್ಳುವ ಘಟ್ಟಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದ ಪ್ರತಿನಿಧಿಯಾಗಿ ಒಂದು ಘಟ್ಟವನ್ನು ಆರಿಸುವುದು.

ಮಾದರಿ ಸಮೀಕ್ಷೆ ನಮ್ಮ ದೇಶಕ್ಕೆ ಹೊಸದಲ್ಲ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಗಳಿಂದ ಅಂದಾಜು ಮಾಡಿದರು. ಅವರ ಸಂಸ್ಥೆಯಲ್ಲಿ ಬೆಳೆದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಅವರು 1945ರಲ್ಲಿ ಸಾಧಿಸಿ ತೋರಿಸಿದ, ಇಂದು ಕ್ರಾಮರ್–ರಾವ್ ಮಿತಿ ಎಂದು ಹೆಸರಾದ ಫಲಿತಾಂಶದ ಸಾರ ಇದು: ಕೈಯಲ್ಲಿರುವ ಮಾದರಿಯಿಂದ ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಜಾಣತನದಿಂದ ತೆಗೆದರೂ ಅದರ ಏರಿಳಿತ ಒಂದು ಮಟ್ಟಕ್ಕಿಂತ ಕೆಳಗಿಳಿಯದು. ಸಿಮ್ಯುಲೇಟರ್ ಮುಂದೆ ಕೂತವರಿಗೂ ಇದು ಅನ್ವಯಿಸುತ್ತದೆ. ಸರಾಸರಿಯ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಲು ಮಾದರಿಗಳು ನಾಲ್ಕು ಪಟ್ಟು ಬೇಕು. ಒಂದೇ ಓಟದಿಂದ ಅನಿಶ್ಚಿತತೆ ಎಷ್ಟೆಂದು ತಿಳಿಯುವುದೂ ಸಾಧ್ಯವಿಲ್ಲ. ಉದಾಹರಣೆಗೆ, ಶೇ 5ರ ಲಾಭ ಶೇ 6ರಷ್ಟು ಅತ್ತಿತ್ತ ಕದಲುವುದಾದರೆ ‘ಲಾಭವಿದೆ’ ಎಂದು ಬರೆಯುವ ಹಕ್ಕು ನಮಗಿಲ್ಲ.

ಏನನ್ನು ಎಣಿಸಬೇಕು ಎಂಬುದರಲ್ಲೂ ಮೋಸಹೋಗಬಹುದು. ಒಂದು ಆವರ್ತಕ್ಕೆ ಎಷ್ಟು ಸೂಚನೆ ಎಂಬ ಐಪಿಸಿಯೇ ವೇಗದ ಅಳತೆ ಎಂಬ ಅಭ್ಯಾಸ ಬೇರುಬಿಟ್ಟಿದೆ. ಹಲವು ಪ್ರೊಸೆಸರ್‌ಗಳ ಕೆಲಸದಲ್ಲಿ ಬೀಗಕ್ಕಾಗಿ ಕಾಯುವ ಎಳೆ ಅದೇ ನಾಲ್ಕು ಸೂಚನೆಗಳನ್ನು ಬಿಡದೆ ಸುತ್ತುತ್ತಿರುತ್ತದೆ. ಐಪಿಸಿ ಏರುತ್ತದೆ, ಕೆಲಸ ಮಾತ್ರ ಮುಂದೆ ಸಾಗುವುದಿಲ್ಲ. ಇದೇ ಅಲಮೆಲ್ದೀನ್ ಮತ್ತು ವುಡ್ 2006ರಲ್ಲಿ ಇದರ ಬಗ್ಗೆ ಎಚ್ಚರಿಸಿದರು. ಮುಗಿದ ವಹಿವಾಟುಗಳು ಎಷ್ಟು, ಹಿಡಿದ ಒಟ್ಟು ಸಮಯ ಎಷ್ಟು ಎಂದು ಕೇಳುವುದೇ ಸರಿ.

ಸಿಮ್ಯುಲೇಟರೇ ನಿಜವಾದ ಯಂತ್ರವನ್ನು ಸರಿಯಾಗಿ ಹೋಲದಿದ್ದರೆ ಈ ಸಂಖ್ಯಾಶಾಸ್ತ್ರವೆಲ್ಲ ವ್ಯರ್ಥವಲ್ಲವೇ ಎಂಬುದು ಉಳಿದ ಆಕ್ಷೇಪ. ಇದರಲ್ಲಿ ಸತ್ಯವಿದೆ. ದೇಸಿಕನ್, ಬರ್ಗರ್, ಕೆಕ್ಲರ್ 2001ರಲ್ಲಿ ಆಲ್ಫಾ 21264 ಪ್ರೊಸೆಸರ್ ಇದ್ದ ನಿಜವಾದ ಕಂಪ್ಯೂಟರಿನ ಎದುರು ತಮ್ಮ ಸಿಮ್ಯುಲೇಟರನ್ನು ನಿಲ್ಲಿಸಿ ಒಂದೊಂದು ದೋಷವನ್ನೂ ತಿದ್ದಿದರು. 21 ಚಿಕ್ಕ ಪರೀಕ್ಷೆಗಳಲ್ಲಿ ದೋಷ ಸರಾಸರಿ ಶೇ 2ಕ್ಕೆ ಇಳಿಯಿತು. ದೊಡ್ಡ ಪ್ರೋಗ್ರಾಂಗಳಲ್ಲಿ ಶೇ 40ರಿಂದ ಶೇ 20ಕ್ಕಿಂತ ಕೆಳಗೆ ಬಂತು, ಅಷ್ಟೇ. ಆದರೆ ಈ ದೋಷವನ್ನು ಕಂಡುಹಿಡಿಯಲೂ ಮೊದಲು ಕದಲದ ಅಳತೆ ಬೇಕು. ಓಟದಿಂದ ಓಟಕ್ಕೆ ಅಂಕಿ ಎಷ್ಟು ಏರುಪೇರಾಗುತ್ತದೆ ಎಂಬುದೇ ತಿಳಿಯದಿದ್ದರೆ ನಿಜವಾದ ಯಂತ್ರಕ್ಕಿಂತ ಅದು ಎಷ್ಟು ದೂರ ಎಂದು ಹೇಳುವುದು ಹೇಗೆ? ನಿಖರತೆಯ ಕೊರತೆ ಅಳತೆಯ ಶಿಸ್ತನ್ನು ಬಿಡಲು ಕಾರಣವಾಗಲಾರದು.

ಕರ್ನಾಟಕದಲ್ಲಿ ಈ ಮಾತಿಗೆ ಈಗ ವಿಶೇಷ ತೂಕವಿದೆ. ಜೆಮ್‌5 ಉಚಿತ, ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಾಲೇಜಿನ ವಿದ್ಯಾರ್ಥಿಯೂ ಸಾಧಾರಣ ಕಂಪ್ಯೂಟರಿನಲ್ಲಿ, ಇನ್ನೂ ಯಾರೂ ತಯಾರಿಸದ ಪ್ರೊಸೆಸರ್ ಒಂದನ್ನು ಪರೀಕ್ಷಿಸಬಹುದು. ಆ ಅವಕಾಶಕ್ಕೆ ತಕ್ಕ ಜವಾಬ್ದಾರಿಯನ್ನು ಮಾರ್ಗದರ್ಶಕರು ಮೊದಲ ಸೆಮಿಸ್ಟರಿನಿಂದಲೇ ಕಲಿಸಬೇಕು. ಪ್ರಾಜೆಕ್ಟ್ ವರದಿಯ ಗ್ರಾಫ್ ಕೆಳಗೆ ಸಿಮ್ಯುಲೇಟರಿನ ಆವೃತ್ತಿ, ಲಿನಕ್ಸ್ ಕರ್ನಲ್‌ನ ಆವೃತ್ತಿ, ಚೆಕ್‌ಪಾಯಿಂಟ್ ತೆಗೆದ ಜಾಗ, ಬಿಸಿ ಮಾಡಿದ ಸೂಚನೆಗಳ ಸಂಖ್ಯೆ, ಓಟಗಳ ಸಂಖ್ಯೆ, ಏರುಪೇರಿನ ವ್ಯಾಪ್ತಿ ಇವಿಷ್ಟೂ ಇಲ್ಲದಿದ್ದರೆ ಪರೀಕ್ಷಕರು ಅದನ್ನು ಹಿಂದಕ್ಕೆ ಕಳಿಸಲಿ. ಲಾಭ ಶೇ 5ರಿಂದ ಶೇ 2ಕ್ಕೆ ಇಳಿದರೂ, ಆ 2 ಗಟ್ಟಿಯಾಗಿದ್ದರೆ ಅದಕ್ಕೇ ಹೆಚ್ಚು ಅಂಕ ಕೊಡಲಿ.